ರಕ್ತದೊಳಗಿನ ಕಬ್ಬಿಣ: ಬೀಗ ಬಿದ್ದ ಕಣಜದ ಕಥೆ

ಕಬ್ಬಿಣ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಸಂಡೂರಿನ ಕೆಂಪು ಬೆಟ್ಟ, ೧೯೨೩ರಲ್ಲಿ ಮೊದಲು ಹೊತ್ತಿಕೊಂಡ ಭದ್ರಾವತಿಯ ಊದುಕುಲುಮೆ, ರೈಲಿನ ಕಂಬಿ. ನಾನಿರುವ ಬೆಂಗಳೂರಿನ ಹೊಸಹಳ್ಳಿಯಲ್ಲಂತೂ ೨೦೧೫ರಿಂದ ಈಚೆಗೆ ಮೆಟ್ರೊ ರೈಲು ಜನರ ತಲೆಯ ಮೇಲೆಯೇ ಉಕ್ಕಿನ ಕಂಬಿಗಳ ಮೇಲೆ ಓಡುತ್ತಿದೆ. ಹೀಗೆ ಟನ್ನುಗಳ ಲೆಕ್ಕದಲ್ಲಿ ಕಾಣುವ ಈ ಲೋಹ ನಮ್ಮ ಶರೀರದಲ್ಲಿ ಎಷ್ಟಿದೆ? ವಯಸ್ಕನೊಬ್ಬನಲ್ಲಿ ಮೂರರಿಂದ ನಾಲ್ಕು ಗ್ರಾಂ ಮಾತ್ರ. ಬಡಗಿ ಹೊಡೆಯುವ ಎರಡಂಗುಲದ ಒಂದು ಮೊಳೆಯ ತೂಕ ಸರಿಸುಮಾರು ಅಷ್ಟೇ. ಆ ಒಂದು ಮೊಳೆಯಷ್ಟು ಕಬ್ಬಿಣದ ಮೇಲೆ ನಮ್ಮ ಉಸಿರಾಟದ ಸಾರ್ಥಕತೆಯೆಲ್ಲ ನಿಂತಿದೆ.

ಈ ವಿಚಾರವನ್ನು ನಾನು ಕೂಲಂಕಷವಾಗಿ ಯೋಚಿಸುವಂತೆ ಮಾಡಿದವನು ನನ್ನ ವಿದ್ಯಾರ್ಥಿ. ನಮ್ಮ ಬಡಾವಣೆಯವನೇ. ಒಂದು ವಾರ ತರಗತಿಗೆ ಬಾರದಿದ್ದವನು ಒಂದು ಸಂಜೆ ಮನೆಗೆ ಬಂದ. ಅವನ ಅಜ್ಜಿಗೆ ನ್ಯುಮೋನಿಯಾ; ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದರು. ಅವನ ಕೈಯಲ್ಲಿ ಮೂರು ವರದಿಗಳಿದ್ದವು. ಮೊದಲನೆಯ ದಿನ ಅಜ್ಜಿಯ ಹಿಮೊಗ್ಲೋಬಿನ್ ೧೧.೪; ಮೂರನೆಯ ದಿನ ೯.೬; ಹತ್ತನೆಯ ದಿನ ೮.೧.

“ಸಾರ್, ಎಲ್ಲಿಯೂ ಗಾಯವಿಲ್ಲ, ರಕ್ತ ಸೋರಿಲ್ಲ. ಆದರೂ ರಕ್ತ ಕಡಮೆಯಾಗುತ್ತಿದೆ. ಕಬ್ಬಿಣದ ಟಾನಿಕ್ಕನ್ನಾದರೂ ಕೊಡಿ ಎಂದರೆ ಡಾಕ್ಟರು ಈಗ ಬೇಡ ಎನ್ನುತ್ತಾರೆ. ಅಪ್ಪ ರಕ್ತ ಕೊಡುವವರನ್ನು ಹುಡುಕಿಟ್ಟಿದ್ದಾರೆ, ರಕ್ತವೂ ಬೇಡವಂತೆ. ಅಜ್ಜಿಯ ಕೈಯನ್ನು ಬಿಟ್ಟುಬಿಟ್ಟರೇ?” ಎಂದು ಕೇಳಿದ. ಅವನ ಕಣ್ಣು ತುಂಬಿತ್ತು.

ನಾನು ವೈದ್ಯನಲ್ಲ, ಭೌತಶಾಸ್ತ್ರದ ಉಪಾಧ್ಯಾಯ. ಆದರೆ ಆ ಮೂರು ಅಂಕೆಗಳಲ್ಲಿ ನಮ್ಮ ಶಾಸ್ತ್ರಕ್ಕೂ ಕೆಲಸವಿತ್ತು. ನಾವಿಬ್ಬರೂ ಕಾಗದ, ಪೆನ್ಸಿಲ್ ಹಿಡಿದು ಕುಳಿತೆವು. ಅಂದು ಹಾಕಿದ ಲೆಕ್ಕವನ್ನೂ, ಆಮೇಲೆ ಓದಿ ತಿಳಿದುದನ್ನೂ ಇಲ್ಲಿ ವಾಚಕರ ಮುಂದಿಡುತ್ತೇನೆ.

ಗುಜರಿಯ ವ್ಯಾಪಾರ

ಶರೀರದ ಕಬ್ಬಿಣದಲ್ಲಿ ಸುಮಾರು ಮೂರನೆಯ ಎರಡು ಭಾಗ ಕೆಂಪು ರಕ್ತಕಣಗಳೊಳಗೆ, ಹಿಮೊಗ್ಲೋಬಿನ್ ಎಂಬ ದೊಡ್ಡ ಅಣುವಿನಲ್ಲಿದೆ. ಈ ಅಣುವಿನ ವಿನ್ಯಾಸವನ್ನು ಕ್ಷ-ಕಿರಣಗಳ ನೆರವಿನಿಂದ ಬಿಡಿಸಿದುದಕ್ಕಾಗಿಯೇ ಮ್ಯಾಕ್ಸ್ ಪೆರುಟ್ಸ್ ಅವರಿಗೆ ೧೯೬೨ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಒಂದೊಂದು ಹಿಮೊಗ್ಲೋಬಿನ್ ಅಣುವಿನಲ್ಲಿಯೂ ನಾಲ್ಕು ಕಬ್ಬಿಣದ ಪರಮಾಣುಗಳಿವೆ. ಒಂದೊಂದು ಪರಮಾಣುವೂ ಆಮ್ಲಜನಕದ ಒಂದು ಅಣುವನ್ನು ಹಿಡಿದುಕೊಳ್ಳಬಲ್ಲುದು. ಶ್ವಾಸಕೋಶದಲ್ಲಿ ಹಿಡಿದು, ಅಂಗಾಂಗಗಳಲ್ಲಿ ಬಿಡುವುದು ಅದರ ಕೆಲಸ.

ಕೆಂಪು ಕಣದ ಆಯುಸ್ಸು ಸುಮಾರು ೧೨೦ ದಿನ. ಆದುದರಿಂದ ಪ್ರತಿದಿನವೂ ನಮ್ಮ ಕಣಗಳಲ್ಲಿ ೧೨೦ರಲ್ಲೊಂದು ಭಾಗ ಸಾಯುತ್ತದೆ, ಅಷ್ಟೇ ಭಾಗ ಅಸ್ಥಿಮಜ್ಜೆಯಲ್ಲಿ ಹೊಸದಾಗಿ ಹುಟ್ಟುತ್ತದೆ. ಈ ವಾಕ್ಯವನ್ನು ನೀವು ಓದುವಷ್ಟರಲ್ಲಿ, ಸೆಕೆಂಡಿಗೆ ೨೦ ಲಕ್ಷಕ್ಕೂ ಹೆಚ್ಚಾಗಿ, ಹೊಸ ಕಣಗಳು ನಿಮ್ಮಲ್ಲಿ ಹುಟ್ಟುತ್ತಿವೆ. ಇವುಗಳ ತಯಾರಿಕೆಗೆ ಆರೋಗ್ಯವಂತ ವಯಸ್ಕನಿಗೆ ದಿನಕ್ಕೆ ೨೦ರಿಂದ ೨೫ ಮಿಲಿಗ್ರಾಂ ಕಬ್ಬಿಣ ಬೇಕು. ಆದರೆ ಊಟದಿಂದ ಕರುಳು ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ! ಉಳಿದುದು ಎಲ್ಲಿಂದ ಬರುತ್ತದೆ?

ನಮ್ಮ ಬೀದಿಗಳಲ್ಲಿ ಹಳೆಯ ಪೇಪರು, ಹಳೆಯ ಕಬ್ಬಿಣವೆಂದು ಕೂಗುತ್ತ ಗುಜರಿಯವನು ಬರುವುದನ್ನು ನೀವೆಲ್ಲ ಕಂಡಿದ್ದೀರಿ. ಶರೀರದ ವ್ಯವಹಾರವೂ ಹೆಚ್ಚುಕಡಮೆ ಗುಜರಿಯ ವ್ಯಾಪಾರವೇ. ಗುಲ್ಮದಲ್ಲಿಯೂ ಯಕೃತ್ತಿನಲ್ಲಿಯೂ ಇರುವ ‘ಭಕ್ಷಕ ಕೋಶ’ಗಳು ಮುದಿಯಾದ ಕೆಂಪು ಕಣಗಳನ್ನು ನುಂಗಿ, ಒಡೆದು, ಒಳಗಿನ ಕಬ್ಬಿಣವನ್ನು ತೆಗೆದು ಮತ್ತೆ ರಕ್ತಕ್ಕೆ ಬಿಡುತ್ತವೆ. ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಅದನ್ನು ಹೊತ್ತು ಅಸ್ಥಿಮಜ್ಜೆಗೆ ಮುಟ್ಟಿಸುತ್ತದೆ. ಹೊಸದಾಗಿ ಕೊಂಡ ಕಬ್ಬಿಣ ಅತ್ಯಲ್ಪ; ಹಳೆಯದನ್ನೇ ಕರಗಿಸಿ ಎರಕ ಹೊಯ್ಯುವುದೇ ಹೆಚ್ಚು. ಮಿಕ್ಕ ಕಬ್ಬಿಣವನ್ನು ಫೆರಿಟಿನ್ ಎಂಬ ಪ್ರೋಟೀನಿನ ಕಣಜದಲ್ಲಿ ಕೂಡಿಡಲಾಗುತ್ತದೆ.

ಈ ವ್ಯಾಪಾರದ ಸೂಕ್ಷ್ಮವನ್ನು ವಾಚಕರು ನೆನಪಿನಲ್ಲಿಡಬೇಕು. ಆದಾಯ ತೀರ ಕಡಮೆಯಾದ ಮನೆಯಲ್ಲಿ ಸಣ್ಣ ಸೋರಿಕೆಯೂ ದೊಡ್ಡ ನಷ್ಟ.

ಮೂರು ಅಂಕೆಗಳ ಲೆಕ್ಕ

ಹಿಮೊಗ್ಲೋಬಿನ್ ೧೧.೪ ಎಂದರೆ ೧೦೦ ಮಿಲಿಲೀಟರ್ ರಕ್ತದಲ್ಲಿ ೧೧.೪ ಗ್ರಾಂ ಹಿಮೊಗ್ಲೋಬಿನ್ ಇದೆಯೆಂದರ್ಥ. ಇದು ಒಟ್ಟು ಮೊತ್ತವಲ್ಲ, ಸಾಂದ್ರತೆ. ಪಾನಕಕ್ಕೆ ನೀರು ಬೆರೆಸಿದರೆ ಸಿಹಿ ಇಳಿಯುತ್ತದೆ. ಒಳಗಿನ ಬೆಲ್ಲ ಮಾತ್ರ ಎಲ್ಲಿಯೂ ಹೋಗಿರುವುದಿಲ್ಲ. ಈ ಭೇದವೇ ನಮ್ಮ ಮೊದಲನೆಯ ಕೀಲಿಕೈ.

ಅಜ್ಜಿ ಸಣ್ಣ ದೇಹದವರು. ಅವರಲ್ಲಿ ೪ ಲೀಟರ್ ರಕ್ತವಿದೆಯೆಂದು ಭಾವಿಸೋಣ. ಅಂದರೆ ಒಟ್ಟು ಹಿಮೊಗ್ಲೋಬಿನ್ ೪೫೬ ಗ್ರಾಂ. ಸೋಂಕು ಬಲವಾಗಿ ರಕ್ತದೊತ್ತಡ ಕುಸಿದಾಗ ವೈದ್ಯರು ನಾಳದ ಮೂಲಕ ಉಪ್ಪುನೀರಿನ ದ್ರಾವಣವನ್ನು ಕೊಡುತ್ತಾರೆ. ಅದರಲ್ಲಿ ಸುಮಾರು ಕಾಲು ಭಾಗ ಮಾತ್ರ ರಕ್ತನಾಳಗಳ ಒಳಗೆ ನಿಲ್ಲುತ್ತದೆ; ಉಳಿದುದು ಅಂಗಾಂಶಗಳಿಗೆ ಇಳಿಯುತ್ತದೆ. ೩ ಲೀಟರ್ ಕೊಟ್ಟರೆ ನಾಳಗಳೊಳಗೆ ಮುಕ್ಕಾಲು ಲೀಟರ್ ಉಳಿದೀತು. ಆಗ ೪೫೬ ಗ್ರಾಂ ಹಿಮೊಗ್ಲೋಬಿನ್ ೪.೭೫ ಲೀಟರಿನಲ್ಲಿ ಹರಡಿಕೊಳ್ಳುತ್ತದೆ. ಭಾಗಿಸಿ ನೋಡಿ: ೯.೬! ವಿದ್ಯಾರ್ಥಿ ವರದಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ. ನಮ್ಮ ಊಹೆಯ ಅಂಕೆಗಳು ಇಷ್ಟು ಚೆನ್ನಾಗಿ ಹೊಂದಿದುದು ಆಕಸ್ಮಿಕವಿರಬಹುದು. ಆದರೆ ತತ್ತ್ವ ಆಕಸ್ಮಿಕವಲ್ಲ. ಮೊದಲ ದಿನಗಳ ಇಳಿತದಲ್ಲಿ ಬಹುಭಾಗ ನೀರು ಬೆರೆತುದರ ಫಲ. ಒಂದು ಕಣವೂ ನಷ್ಟವಾಗದೆ ಅಂಕೆ ಇಳಿಯಬಹುದು.

ಆದರೆ ೯.೬ರಿಂದ ೮.೧ಕ್ಕೆ ಇಳಿದುದು? ಇಲ್ಲಿ ನಿಜವಾದ ನಷ್ಟವಿದೆ, ಅದೂ ಒಂದೇ ಕಡೆಯಿಂದಲ್ಲ.

ಮೊದಲನೆಯದು ಪರೀಕ್ಷೆಗೆಂದು ತೆಗೆಯುವ ರಕ್ತ. ಬೆಳಗ್ಗೆ ಒಂದು ನಳಿಕೆ, ಮಧ್ಯಾಹ್ನ ಒಂದು, ರಾತ್ರಿ ಮತ್ತೊಂದು. ಉಪ್ಪು, ಸಕ್ಕರೆ, ಆಮ್ಲಜನಕ, ಮೂತ್ರಪಿಂಡ, ಯಕೃತ್ತು ಎಂದು ಒಂದೊಂದಕ್ಕೂ ಒಂದಿಷ್ಟು. ಪಶ್ಚಿಮ ಯೂರೋಪಿನ ತೀವ್ರ ನಿಗಾ ಘಟಕಗಳಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ರೋಗಿಯೊಬ್ಬನಿಂದ ದಿನವೊಂದಕ್ಕೆ ತೆಗೆದ ರಕ್ತ ಸರಾಸರಿ ೪೧ ಮಿಲಿಲೀಟರ್ ಎಂದು ಕಂಡುಬಂತು. ಮೂರು ದೊಡ್ಡ ಚಮಚೆಯಷ್ಟು. ಕೇಳಲು ಅಲ್ಪವೆನಿಸುತ್ತದೆ. ಆದರೆ ಹತ್ತು ದಿನಕ್ಕೆ ೪೦೦ ಮಿಲಿಲೀಟರ್ ಮೀರುತ್ತದೆ. ನಮ್ಮ ದೇಶದ ರಕ್ತದಾನದ ಶಿಬಿರಗಳಲ್ಲಿ ಆರೋಗ್ಯವಂತನಿಂದ ಸಾಮಾನ್ಯವಾಗಿ ತೆಗೆದುಕೊಳ್ಳುವುದು ೩೫೦ ಮಿಲಿಲೀಟರ್. ಎಂದರೆ, ಹಾಸಿಗೆ ಹಿಡಿದ ಮುದುಕಿಯೊಬ್ಬಳು ಹತ್ತು ದಿನದಲ್ಲಿ ತಾನರಿಯದೆ ಒಂದು ರಕ್ತದಾನವನ್ನೇ ಮಾಡಿದಂತಾಯಿತು!

ಇದನ್ನು ಕಬ್ಬಿಣದ ಲೆಕ್ಕಕ್ಕೆ ತಿರುಗಿಸೋಣ. ಒಂದು ಗ್ರಾಂ ಹಿಮೊಗ್ಲೋಬಿನ್ನಿನಲ್ಲಿ ೩.೪ ಮಿಲಿಗ್ರಾಂ ಕಬ್ಬಿಣವಿದೆ. ಹಿಮೊಗ್ಲೋಬಿನ್ ೧೦ ಇರುವವರ ೪೦ ಮಿಲಿಲೀಟರ್ ರಕ್ತದಲ್ಲಿ ೪ ಗ್ರಾಂ ಹಿಮೊಗ್ಲೋಬಿನ್, ಅದರಲ್ಲಿ ೧೩.೬ ಮಿಲಿಗ್ರಾಂ ಕಬ್ಬಿಣ. ಊಟದಿಂದ ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ ದೊರೆಯುವುದಾದರೆ, ಒಂದು ದಿನದ ಪರೀಕ್ಷೆಯ ನಷ್ಟವನ್ನು ತುಂಬಲು ಒಂದು ವಾರಕ್ಕೂ ಮೇಲೆ ಬೇಕು.

ಎರಡನೆಯದು, ಹಳೆಯ ಕಣಗಳು ಎಂದಿನಂತೆ ಸಾಯುತ್ತಲೇ ಇರುವುದು. ಹೊಸವು ಹುಟ್ಟದೆ ನಿಂತರೆ ದಿನಕ್ಕೆ ೧೨೦ರಲ್ಲೊಂದು ಭಾಗದಂತೆ ಏಳು ದಿನಗಳಲ್ಲಿ ಶೇಕಡಾ ೬ರಷ್ಟು ಕರಗುತ್ತದೆ. ಪರೀಕ್ಷೆಗೆಂದು ಹೋದ ರಕ್ತವೂ ಏಳು ದಿನಗಳಲ್ಲಿ ಶೇಕಡಾ ೬ರಷ್ಟಾಗುತ್ತದೆ. ಈ ಎರಡನ್ನೂ ೯.೬ರಿಂದ ಕಳೆದರೆ ೮.೫ರ ಸಮೀಪಕ್ಕೆ ಬರುತ್ತೇವೆ. ಉಳಿದ ಅಲ್ಪ ಅಂತರಕ್ಕೆ ಬೇರೆ ಕಾರಣಗಳಿರಬಹುದು: ತೀವ್ರ ರೋಗದಲ್ಲಿ ಕಣಗಳು ಅಕಾಲದಲ್ಲಿ ಒಡೆಯುತ್ತವೆ, ಹೊಟ್ಟೆಯ ಒಳಪದರದಿಂದ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗಬಹುದು.

“ಸರಿ ಸಾರ್, ಹೊಸವು ಏಕೆ ಹುಟ್ಟುವುದಿಲ್ಲ?” ಎಂದ ವಿದ್ಯಾರ್ಥಿ. ಈ ಕಥೆಯ ತಿರುಳು ಈ ಪ್ರಶ್ನೆಯಲ್ಲಿದೆ.

ಕಣಜಕ್ಕೆ ಬಿದ್ದ ಬೀಗ

೧೯೪೪ರಲ್ಲಿ ಅಮೆರಿಕದ ಆರ್ಥರ್ ಶೇಡ್ ಮತ್ತು ಲಿಯೋನಾ ಕ್ಯಾರೊಲೈನ್ ಎಂಬ ಇಬ್ಬರು ಸಂಶೋಧಕರು ಕುತೂಹಲಕರವಾದ ಸಂಗತಿಯೊಂದನ್ನು ಪ್ರಕಟಿಸಿದರು. ಹಸಿ ಮೊಟ್ಟೆಯ ಬಿಳಿಭಾಗವನ್ನು ಬೆರೆಸಿದ ದ್ರವದಲ್ಲಿ ಬ್ಯಾಕ್ಟೀರಿಯಗಳು ಬೆಳೆಯಲಿಲ್ಲ. ಅದಕ್ಕೆ ಬೇರೆ ಬೇರೆ ಪೋಷಕಗಳನ್ನು ಸೇರಿಸಿ ನೋಡಿದರು. ಕಬ್ಬಿಣವನ್ನು ಸೇರಿಸಿದಾಗ ಬೆಳವಣಿಗೆ ಮತ್ತೆ ಆರಂಭವಾಯಿತು. ಮೊಟ್ಟೆಯ ಬಿಳಿಯಲ್ಲಿರುವ ಒಂದು ಪ್ರೋಟೀನು ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡು ಸೂಕ್ಷ್ಮಜೀವಿಗಳನ್ನು ಉಪವಾಸ ಕೆಡವುತ್ತಿತ್ತು. ಎರಡು ವರ್ಷಗಳ ತರುವಾಯ ಅವರೇ ಮನುಷ್ಯನ ರಕ್ತದಲ್ಲಿಯೂ ಅಂತಹುದೇ ಪ್ರೋಟೀನನ್ನು ಕಂಡರು. ನಾವು ಮೇಲೆ ಹೆಸರಿಸಿದ ಟ್ರಾನ್ಸ್‌ಫೆರಿನ್ ಅದೇ.

ರೋಗಾಣುಗಳಿಗೂ ಕಬ್ಬಿಣ ಬೇಕು. ಅದಿಲ್ಲದೆ ಅವುಗಳಲ್ಲಿ ಬಹುತೇಕವು ವೃದ್ಧಿಯಾಗಲಾರವು. ಆದುದರಿಂದ ಸೋಂಕು ತಗುಲಿದ ಶರೀರ ಒಂದು ಉಪಾಯವನ್ನು ಹೂಡುತ್ತದೆ. ಊರಿಗೆ ದರೋಡೆಕೋರರು ಬರುತ್ತಿದ್ದಾರೆಂಬ ಸುದ್ದಿ ಮುಟ್ಟಿದೊಡನೆ ಊರಿನವರು ಕಣಜಗಳಿಗೆ ಬೀಗ ಹಾಕುವುದಿಲ್ಲವೆ? ಹಾಗೆಯೇ ಇದು ಕಬ್ಬಿಣದ ಕಣಜಕ್ಕೆ ಬೀಗ ಹಾಕುತ್ತದೆ.

ಆ ಬೀಗದ ಹೆಸರು ಹೆಪ್ಸಿಡಿನ್. ಯಕೃತ್ತಿನಲ್ಲಿ ತಯಾರಾಗುವ, ಕೇವಲ ೨೫ ಅಮೈನೊ ಆಮ್ಲಗಳ ಪುಟ್ಟ ಹಾರ್ಮೋನು ಇದು. ೨೦೦೦-೨೦೦೧ರ ಸುಮಾರಿಗೆ ವಿಜ್ಞಾನಿಗಳು ಇದನ್ನು ಗುರುತಿಸಿದರು. ಕರುಳಿನ ಕೋಶಗಳಿಂದಲೂ ಭಕ್ಷಕ ಕೋಶಗಳಿಂದಲೂ ಕಬ್ಬಿಣ ರಕ್ತಕ್ಕೆ ಹೊರಬೀಳುವುದು ಫೆರೊಪೋರ್ಟಿನ್ ಎಂಬ ಒಂದೇ ಬಾಗಿಲಿನಿಂದ. ಹೆಪ್ಸಿಡಿನ್ ಈ ಬಾಗಿಲಿಗೆ ಅಂಟಿಕೊಂಡರೆ ಬಾಗಿಲೇ ಒಳಸರಿದು ನಾಶವಾಗುತ್ತದೆಂಬುದು ೨೦೦೪ರಲ್ಲಿ ತಿಳಿಯಿತು. ಸೋಂಕು, ಉರಿಯೂತಗಳಿದ್ದಾಗ ಯಕೃತ್ತು ಹೆಪ್ಸಿಡಿನ್ನನ್ನು ಹೇರಳವಾಗಿ ಸುರಿಸುತ್ತದೆ. ಆಗ ಎರಡು ಪರಿಣಾಮಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಊಟದ ಕಬ್ಬಿಣ ಕರುಳನ್ನು ದಾಟಿ ಬರಲಾರದು. ಗುಜರಿಯವನ ಅಂಗಡಿಯಲ್ಲಿ ಹಳೆಯ ಕಬ್ಬಿಣ ರಾಶಿಯಾಗಿ ಬಿದ್ದಿರುತ್ತದೆ, ಆದರೆ ಕುಲುಮೆಗೆ ತಲಪಲಾರದು.

ಬೀಗ ಕಳ್ಳನನ್ನು ಮಾತ್ರ ತಡೆಯುವುದಿಲ್ಲ. ಮನೆಯವರಿಗೂ ಅಕ್ಕಿ ದೊರೆಯದಂತೆ ಮಾಡುತ್ತದೆ. ಅಸ್ಥಿಮಜ್ಜೆ ಕಬ್ಬಿಣವಿಲ್ಲದೆ ಸೊರಗುತ್ತದೆ. ಇದರ ಮೇಲೆ, ‘ಕಣಗಳನ್ನು ತಯಾರಿಸು’ ಎಂದು ಮಜ್ಜೆಗೆ ಆಜ್ಞೆ ಮಾಡುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನೂ ಮೂತ್ರಪಿಂಡಗಳು ಈ ಸಮಯದಲ್ಲಿ ಸಾಕಷ್ಟು ಕಳುಹಿಸುವುದಿಲ್ಲ. ಸಾಮಗ್ರಿಯೂ ಇಲ್ಲ, ಆಜ್ಞೆಯೂ ಕ್ಷೀಣ.

ಹಾಗಾದರೆ ಅಜ್ಜಿಯ ಡಾಕ್ಟರು ಟಾನಿಕ್ಕು ಈಗ ಬೇಡವೆಂದುದು ಉದಾಸೀನದಿಂದಲ್ಲ. ಮುಚ್ಚಿದ ಬಾಗಿಲಿನ ಮುಂದೆ ಮೂಟೆ ಇಳಿಸಿದರೆ ಏನು ಪ್ರಯೋಜನ?

ಕೊರತೆಯೋ, ಬೀಗವೋ?

ಇಲ್ಲಿ ಕನ್ನಡನಾಡಿನ ವಾಚಕರು ವಿಶೇಷವಾಗಿ ಗಮನಿಸಬೇಕಾದ ಒಂದು ಮಾತಿದೆ. ರಕ್ತಹೀನತೆ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಸ್ಥಿತಿಗಳಿವೆ: ಕಣಜ ಬರಿದಾಗಿರುವುದು ಒಂದು, ಕಣಜಕ್ಕೆ ಬೀಗ ಬಿದ್ದಿರುವುದು ಇನ್ನೊಂದು. ಯೂರೋಪಿನ ರೋಗಿ ತುಂಬಿದ ಕಣಜದೊಡನೆ ಆಸ್ಪತ್ರೆ ಸೇರುವ ಸಂಭವವೇ ಹೆಚ್ಚು. ನಮ್ಮಲ್ಲಿ ಹಾಗಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ಶೇಕಡಾ ೪೭.೮ ಮಂದಿ ರಕ್ತಹೀನರು. ಭಾರತ ಒಟ್ಟಾಗಿ ಶೇಕಡಾ ೫೭. ಬೆರಳ ತುದಿಯಿಂದ ತೆಗೆದ ಹನಿ ಸರಿಯೋ, ನಾಳದಿಂದ ತೆಗೆದ ರಕ್ತ ಸರಿಯೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಇವರೆಲ್ಲರ ರಕ್ತಹೀನತೆಗೂ ಕಬ್ಬಿಣದ ಕೊರತೆಯೊಂದೇ ಕಾರಣವೂ ಅಲ್ಲ. ಆದರೂ ನಮ್ಮ ಅನೇಕ ತಾಯಂದಿರ, ಅಜ್ಜಿಯರ ಕಣಜ ರೋಗ ಬರುವ ಮೊದಲೇ ಅರೆಬರಿದಾಗಿರುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

ಬರಿದಾದ ಕಣಜಕ್ಕೆ ಪರಿಹಾರ ಕಬ್ಬಿಣವನ್ನು ತುಂಬುವುದೇ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಪಾಲುಗೊಂಡು ಕರ್ನಾಟಕ ಮತ್ತು ರಾಜಸ್ಥಾನಗಳಲ್ಲಿ ೨೦೨೧ರಲ್ಲಿ ಆರಂಭಿಸಿದ ಒಂದು ದೊಡ್ಡ ಪ್ರಯೋಗದಲ್ಲಿ, ರಕ್ತಹೀನ ಗರ್ಭಿಣಿಯರಿಗೆ ದಿನವೂ ಮಾತ್ರೆ ಕೊಡುವುದು ಮೇಲೋ, ನಾಳದ ಮೂಲಕ ಒಮ್ಮೆಗೇ ಕಬ್ಬಿಣ ಕೊಡುವುದು ಮೇಲೋ ಎಂಬುದನ್ನು ಪರೀಕ್ಷಿಸಲು ಹೊರಟರು. ಅಲ್ಲಿಯ ಪ್ರಶ್ನೆ ಮುಖ್ಯವಾಗಿ ಕೊರತೆಯದು.

ತೀವ್ರ ನಿಗಾ ಘಟಕದಲ್ಲಿ ಕರುಳಿನ ಬಾಗಿಲು ಮುಚ್ಚಿದ್ದರೇನಂತೆ, ನಾಳದ ಮೂಲಕವೇ ಕಬ್ಬಿಣವನ್ನು ಕೊಡಬಾರದೆ? ಈ ಯೋಚನೆಯೂ ಹೊಳೆಯದೆ ಇರಲಿಲ್ಲ. ಆಸ್ಟ್ರೇಲಿಯದಲ್ಲಿ ೧೪೦ ರೋಗಿಗಳ ಮೇಲೆ ನಡೆದು ೨೦೧೬ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಳದ ಮೂಲಕ ಕಬ್ಬಿಣ ಪಡೆದವರಿಗೆ ಕೊಡಬೇಕಾದ ರಕ್ತದ ಪ್ರಮಾಣವೇನೂ ಗಮನಾರ್ಹವಾಗಿ ಇಳಿಯಲಿಲ್ಲ. ಆದರೆ ಮನೆಗೆ ಹೊರಡುವ ವೇಳೆಗೆ ಅವರ ಹಿಮೊಗ್ಲೋಬಿನ್ ೧೦.೭ರಷ್ಟು, ಪಡೆಯದವರದು ೧೦.೦ರಷ್ಟು ಇತ್ತು. ಬೀಗ ಬಿದ್ದಿರುವಾಗ ಕೊಟ್ಟ ಕಬ್ಬಿಣ ಒಡನೆ ಕೆಲಸಕ್ಕೆ ಬಾರದು. ಬೀಗ ಸಡಿಲವಾದಂತೆ ಮೆಲ್ಲಗೆ ಬಂದೀತು. ರೋಗಾಣುಗಳಿಗೂ ಅದು ಆಹಾರವಾದೀತೆಂಬ ಭಯವೊಂದು ಸದಾ ಇದ್ದೇ ಇದೆ. ಎರಿತ್ರೊಪೊಯೆಟಿನ್ನನ್ನು ಹೊರಗಿನಿಂದ ಕೊಟ್ಟು ನೋಡಿದ, ೧,೪೬೦ ರೋಗಿಗಳ ಇನ್ನೊಂದು ಪ್ರಯೋಗ ೨೦೦೭ರಲ್ಲಿ ಪ್ರಕಟವಾಯಿತು. ಅದರಿಂದ ರಕ್ತ ಕೊಡುವ ಅವಶ್ಯಕತೆ ತಗ್ಗಲಿಲ್ಲ, ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಿತು.

ಕೊರತೆಯೋ ಬೀಗವೋ ಎಂದು ಕಂಡುಹಿಡಿಯುವುದೂ ಸುಲಭವಲ್ಲ. ಸಾಮಾನ್ಯವಾಗಿ ರಕ್ತದ ಫೆರಿಟಿನ್ ಕಡಮೆಯಿದ್ದರೆ ಕಣಜ ಬರಿದೆಂದು ತಿಳಿಯುತ್ತಾರೆ. ಆದರೆ ಉರಿಯೂತದಲ್ಲಿ ಫೆರಿಟಿನ್ ತಾನಾಗಿಯೇ ಏರುತ್ತದೆ. ಬರಿದಾದ ಕಣಜವೂ ಆಗ ತುಂಬಿದಂತೆ ತೋರಬಹುದು.

ತೊಂಬತ್ತೆಂಟು ಎಂಬ ಅಂಕೆ

“ಆದರೆ ಸಾರ್, ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ಆಮ್ಲಜನಕ ೯೮ ಎಂದು ತೋರಿಸುತ್ತಿದೆ. ರಕ್ತ ಕಡಮೆಯಾದರೂ ಅದು ಹೇಗೆ ಚೆನ್ನಾಗಿದೆ?” ಎಂದು ವಿದ್ಯಾರ್ಥಿ ಕೇಳಿದ. ಇದು ಭೌತಶಾಸ್ತ್ರದ ಪ್ರಶ್ನೆ.

ಆ ಯಂತ್ರ ೧೯೭೦ರ ದಶಕದಲ್ಲಿ ಜಪಾನಿನ ತಾಕುವೊ ಅಯೊಯಾಗಿ ಎಂಬ ಎಂಜಿನಿಯರರ ಕಲ್ಪನೆಯಿಂದ ಮೂಡಿದುದು. ಅದು ಎರಡು ಬಗೆಯ ಬೆಳಕನ್ನು ಬೆರಳಿನ ಮೂಲಕ ಹಾಯಿಸುತ್ತದೆ: ೬೬೦ ನ್ಯಾನೊಮೀಟರಿನ ಕೆಂಪು, ೯೪೦ ನ್ಯಾನೊಮೀಟರಿನ ಅವಕೆಂಪು. ಆಮ್ಲಜನಕವನ್ನು ಹೊತ್ತ ಹಿಮೊಗ್ಲೋಬಿನ್ ಕೆಂಪು ಬೆಳಕನ್ನು ಕಡಮೆ ಹೀರುತ್ತದೆ. ಹೊರದುದು ಹೆಚ್ಚು ಹೀರುತ್ತದೆ. ಅವಕೆಂಪಿನಲ್ಲಿ ಇದು ತಿರುಗುಮುರುಗು. ನಾಡಿಯೊಡನೆ ಏರಿಳಿಯುವ ಬೆಳಕಿನ ಅನುಪಾತದಿಂದ, ಇರುವ ಹಿಮೊಗ್ಲೋಬಿನ್ನಿನಲ್ಲಿ ಎಷ್ಟು ಪಾಲು ಆಮ್ಲಜನಕವನ್ನು ಹೊತ್ತಿದೆಯೆಂದು ಯಂತ್ರ ಲೆಕ್ಕ ಹಾಕುತ್ತದೆ. ‘ಎಷ್ಟು ಪಾಲು’ ಎಂಬುದನ್ನಷ್ಟೇ ಅದು ಹೇಳುವುದು, ‘ಎಷ್ಟು’ ಎಂಬುದನ್ನಲ್ಲ.

ಮಾಗಡಿ ರಸ್ತೆಯಲ್ಲಿ ಓಡುವ ಬಸ್ಸುಗಳಲ್ಲಿ ನೂರಕ್ಕೆ ೯೮ ಸೀಟು ಭರ್ತಿ ಎಂದರೆ ಎಷ್ಟು ಜನ ಊರು ಸೇರಿದರೆಂದು ತಿಳಿಯುವುದೆ? ಬಸ್ಸುಗಳೆಷ್ಟು ಎಂಬುದೂ ಗೊತ್ತಿರಬೇಕು. ಹಿಮೊಗ್ಲೋಬಿನ್ನಿನ ಅಂಕೆ ಬಸ್ಸುಗಳ ಸಂಖ್ಯೆ. ಬೆರಳಿನ ಯಂತ್ರದ ಅಂಕೆ ಸೀಟು ಭರ್ತಿಯ ಪ್ರಮಾಣ. ಎರಡೂ ಬೇಕು.

ರಕ್ತ ಕೊಡಬೇಕೆ?

ಈಗ ಬಸ್ಸುಗಳು ಸಾಲುತ್ತವೆಯೇ ಎಂದು ನೋಡೋಣ. ಒಂದು ಗ್ರಾಂ ಹಿಮೊಗ್ಲೋಬಿನ್ ಸುಮಾರು ೧.೩೪ ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. ಹಿಮೊಗ್ಲೋಬಿನ್ ೧೫ ಇದ್ದರೆ ೧೦೦ ಮಿಲಿಲೀಟರ್ ರಕ್ತದಲ್ಲಿ ೨೦ ಮಿಲಿಲೀಟರ್ ಆಮ್ಲಜನಕ. ಹೃದಯ ನಿಮಿಷಕ್ಕೆ ೫ ಲೀಟರ್ ರಕ್ತವನ್ನು ತಳ್ಳಿದರೆ ಅಂಗಾಂಗಗಳಿಗೆ ತಲಪುವುದು ೧,೦೦೦ ಮಿಲಿಲೀಟರ್. ವಿಶ್ರಾಂತಿಯಲ್ಲಿರುವ ಶರೀರಕ್ಕೆ ಬೇಕಾದುದು ೨೫೦ ಮಾತ್ರ. ಪ್ರಕೃತಿ ನಾಲ್ಕು ಪಟ್ಟು ಕೊಟ್ಟಿದೆ!

ಅಜ್ಜಿಯ ೮.೧ರಲ್ಲಿ ಇದೇ ಲೆಕ್ಕ ಮಾಡಿದರೆ ನಿಮಿಷಕ್ಕೆ ಸುಮಾರು ೫೩೦ ಮಿಲಿಲೀಟರ್ ಬರುತ್ತದೆ. ಜ್ವರದಿಂದ ಅವಶ್ಯಕತೆ ಮುನ್ನೂರನ್ನು ದಾಟಿದರೂ ಇನ್ನೂ ಮಿಗುತಾಯವಿದೆ. ಹೃದಯ ಸ್ವಲ್ಪ ಹೆಚ್ಚು ಬಡಿದರೆ ಇನ್ನಷ್ಟು ದೊರೆಯುತ್ತದೆ.

ಇದು ಕಾಗದದ ಲೆಕ್ಕ. ಶರೀರ ಒಪ್ಪುವುದೆ? ಕೆನಡಾದ ಪಾಲ್ ಹೆಬರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ೧೯೯೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ೮೩೮ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಿಮೊಗ್ಲೋಬಿನ್ ೧೦ಕ್ಕಿಂತ ಇಳಿದಾಗ, ಇನ್ನೊಂದಕ್ಕೆ ೭ಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಟ್ಟರು. ಮೂವತ್ತು ದಿನಗಳೊಳಗೆ ಮೊದಲ ಗುಂಪಿನಲ್ಲಿ ಶೇಕಡಾ ೨೩.೩, ಎರಡನೆಯದರಲ್ಲಿ ಶೇಕಡಾ ೧೮.೭ ಮಂದಿ ತೀರಿಕೊಂಡರು. ಈ ಅಂತರ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಾಗಿರಲಿಲ್ಲ. ಆದರೆ ಕಾದು ನೋಡಿದುದರಿಂದ ಹಾನಿಯಾಗಲಿಲ್ಲವೆಂಬುದು ಸಿದ್ಧವಾಯಿತು. ದಾನದ ರಕ್ತ ಅಮೂಲ್ಯ, ಆದರೆ ಅಪಾಯರಹಿತವಲ್ಲ: ಪ್ರತಿಕ್ರಿಯೆಗಳಾಗಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಅಂದಿನಿಂದ, ರಕ್ತಸ್ರಾವವಿಲ್ಲದೆ ಸ್ಥಿಮಿತವಾಗಿರುವ ಬಹುತೇಕ ರೋಗಿಗಳಿಗೆ ೭ರ ಗೆರೆಯೇ ರೂಢಿಗೆ ಬಂದಿದೆ. ಹೃದಯದ ರೋಗಿಗಳಿಗೆ, ಮುಖ್ಯವಾಗಿ ಹೃದಯಾಘಾತವಾದವರಿಗೆ, ಈ ಗೆರೆ ಇನ್ನೂ ಮೇಲಿರಬೇಕಾಗಬಹುದು. ಗೆರೆ ಎಲ್ಲಿ ಎಂಬುದನ್ನು ರೋಗಿಯನ್ನು ಕಣ್ಣಾರೆ ಕಂಡ ವೈದ್ಯರೇ ನಿಶ್ಚಯಿಸಬೇಕು. ನಮ್ಮ ಪೆನ್ಸಿಲ್ಲಿಗೆ ಆ ಅಧಿಕಾರವಿಲ್ಲ.

ಹನಿಹನಿಯ ಉಳಿತಾಯ

ಬೀಗವನ್ನು ಒಡೆಯಲಾಗದು, ಒಡೆಯಲೂಬಾರದು. ಹಾಗಾದರೆ ಕೈಯಲ್ಲಿರುವುದೇನು? ಸೋರಿಕೆಯನ್ನು ನಿಲ್ಲಿಸುವುದು. ಪ್ರಯೋಗಶಾಲೆಯ ಯಂತ್ರಗಳಿಗೆ ಬೇಕಾದುದು ನಿಜವಾಗಿ ಕೆಲವೇ ಹನಿ. ನಳಿಕೆ ದೊಡ್ಡದಾದುದರಿಂದ ಅದು ತುಂಬುವಷ್ಟು ತೆಗೆಯುತ್ತಾರೆ, ಉಳಿದುದನ್ನು ಚೆಲ್ಲುತ್ತಾರೆ. ಕೆನಡಾದ ೨೫ ತೀವ್ರ ನಿಗಾ ಘಟಕಗಳಲ್ಲಿ ದೊಡ್ಡ ನಳಿಕೆಗಳಿಗೆ ಬದಲಾಗಿ ಸಣ್ಣ ನಳಿಕೆಗಳನ್ನು ಬಳಸಿ ನೋಡಿದ ಪ್ರಯೋಗ ೨೦೨೩ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ರಕ್ತ ಸಾಲದೆ ಹೋದ ಪ್ರಸಂಗಗಳು ತೀರ ವಿರಳ. ಮುಖ್ಯ ಗಣನೆಯಲ್ಲಿ ರಕ್ತ ಕೊಡುವುದು ಖಚಿತವಾಗಿ ಕಡಮೆಯಾಯಿತೆಂದು ಹೇಳಲಾಗದಿದ್ದರೂ, ಉಳಿದ ಗಣನೆಗಳು ಕಡಮೆಯಾಗುವ ಕಡೆಗೇ ಬೊಟ್ಟುಮಾಡಿದವು. ಖರ್ಚಿಲ್ಲದ, ನೋವಿಲ್ಲದ ಉಪಾಯವಿದು. ರೂಢಿಗಾಗಿ ಮಾಡುವ ದಿನದಿನದ ಪರೀಕ್ಷೆಗಳನ್ನು ಬಿಟ್ಟು ಬೇಕಾದುದನ್ನು ಮಾತ್ರ ಮಾಡುವುದು, ನಳಿಗೆಯಿಂದ ಮೊದಲು ಎಳೆದ ರಕ್ತವನ್ನು ಚೆಲ್ಲದೆ ರೋಗಿಗೇ ಹಿಂದಿರುಗಿಸುವುದು ಇವೂ ಇದೇ ಜಾತಿಯವು.

ಭೌತಶಾಸ್ತ್ರದಲ್ಲಿ ನಾವೊಂದು ಪಾಠ ಕಲಿಸುತ್ತೇವೆ: ಅಳೆಯುವ ಕ್ರಿಯೆಯೇ ಅಳೆಯಲ್ಪಡುವ ವಸ್ತುವನ್ನು ಸ್ವಲ್ಪ ಬದಲಿಸುತ್ತದೆ. ಬಿಸಿನೀರಿಗೆ ಅದ್ದಿದ ಉಷ್ಣಮಾಪಕ ನೀರಿನ ಶಾಖವನ್ನು ತುಸು ಕದಿಯುತ್ತದೆ. ಬಟ್ಟಲು ಸಣ್ಣದಾದಷ್ಟೂ ಕಳ್ಳತನ ದೊಡ್ಡದು. ಬತ್ತಿದ ರೋಗಿಯ ರಕ್ತಪರೀಕ್ಷೆಯೂ ಹಾಗೆಯೇ. ಅಳೆಯಬೇಡವೆಂದಲ್ಲ; ಅಳತೆಗೂ ಬೆಲೆಯಿದೆಯೆಂದು ತಿಳಿದು ಅಳೆಯಬೇಕು.

ಮನೆಗೆ ಬಂದ ಮೇಲೆ

ಅಜ್ಜಿಗೆ ರಕ್ತ ಕೊಡಬೇಕಾಗಲಿಲ್ಲ. ಹದಿನೈದನೆಯ ದಿನ ಅವರು ಹೊಸಹಳ್ಳಿಯ ಮನೆಗೆ ಮರಳಿದರು. ಹಿಮೊಗ್ಲೋಬಿನ್ ಆಗ ೮.೪. ಕಥೆ ಇಲ್ಲಿಗೆ ಮುಗಿಯಿತೆಂದು ಮನೆಯವರು ಭಾವಿಸಿದರು. ವಾಸ್ತವವಾಗಿ ಕಬ್ಬಿಣದ ಕಥೆ ಇಲ್ಲಿಂದ ಆರಂಭ.

ತೀವ್ರ ನಿಗಾ ಘಟಕದಿಂದ ಬದುಕಿ ಬಂದವರಲ್ಲಿ ರಕ್ತಹೀನತೆ ತಿಂಗಳುಗಟ್ಟಲೆ ಉಳಿಯಬಹುದು. ಮೆಟ್ಟಿಲೇರಿದರೆ ಏದುಸಿರು, ಸುಸ್ತು, ನಿರುತ್ಸಾಹ. ಇದನ್ನು ವಯಸ್ಸಿನ ತಲೆಗೆ ಕಟ್ಟಿ ನಾವು ಸುಮ್ಮನಾಗುತ್ತೇವೆ. ಆದರೆ ಉರಿಯೂತ ಇಳಿದೊಡನೆ ಹೆಪ್ಸಿಡಿನ್ ಇಳಿಯುತ್ತದೆ, ಬೀಗ ತೆರೆಯುತ್ತದೆ. ಆಗ ಕಣಜ ಬರಿದೆಂದು ಪರೀಕ್ಷೆಯಿಂದ ತಿಳಿದರೆ, ಅಂದು ವ್ಯರ್ಥವಾಗುತ್ತಿದ್ದ ಕಬ್ಬಿಣವೇ ಇಂದು ಮದ್ದಾಗುತ್ತದೆ. ಆದುದರಿಂದ ಮನೆಗೆ ಬಂದ ಕೆಲವು ವಾರಗಳ ಮೇಲೆ ವೈದ್ಯರನ್ನು ಕಂಡು ರಕ್ತ ಮತ್ತು ಕಬ್ಬಿಣದ ಪರೀಕ್ಷೆ ಅವಶ್ಯವೇ ಎಂದು ಕೇಳುವುದನ್ನು ಮರೆಯಬಾರದು. ಹೊಗಳಿಕೆಗೂ ದೂಷಣೆಗೂ ಪಕ್ಕಾಗದ ಈ ಸಣ್ಣ ಪ್ರಶ್ನೆಯನ್ನು ಕೇಳುವವರೇ ಕಡಮೆ.

ನಮ್ಮ ಅಡುಗೆಮನೆಯೂ ನೆರವಾಗಬಲ್ಲುದು. ಹುರುಳಿ, ಮೊಳಕೆ ಕಟ್ಟಿದ ಹೆಸರುಕಾಳು, ನುಗ್ಗೆಸೊಪ್ಪುಗಳಲ್ಲಿ ಕಬ್ಬಿಣವಿದೆ. ಧಾನ್ಯ, ಕಾಳುಗಳಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ನಿಂಬೆಹಣ್ಣಿನ ಹುಳಿ ಕಬ್ಬಿಣವನ್ನು ಕರುಳಿಗೆ ಒಗ್ಗಿಸುತ್ತದೆ. ಕಾಫಿ, ಚಹಾಗಳು ಅಡ್ಡ ಬರುತ್ತವೆ. ಆದರೆ ತೀರ ಬರಿದಾದ ಕಣಜವನ್ನು ಊಟವೊಂದೇ ಬೇಗ ತುಂಬಲಾರದು.

ಅಜ್ಜಿಗೆ ಎರಡು ತಿಂಗಳ ಮೇಲೆ ಪರೀಕ್ಷೆ ನಡೆಯಿತು; ಕಣಜ ಬರಿದೆಂದು ತಿಳಿದು ವೈದ್ಯರು ಕಬ್ಬಿಣದ ಮಾತ್ರೆಯನ್ನು ಬರೆದುಕೊಟ್ಟರು. ಮೊನ್ನೆ ಅವರ ಮನೆಗೆ ಹೋಗಿದ್ದೆ. ಊಟವಾದೊಡನೆ ಕಾಫಿ ಕುಡಿಯಬಾರದೆಂದು ಮೊಮ್ಮಗ ಕಟ್ಟಪ್ಪಣೆ ಮಾಡಿದ್ದಾನಂತೆ. “ಇವನಿಗೆ ನೀವೇ 'ಪಾಠ' ಹೇಳಿಕೊಟ್ಟಿರಂತಲ್ಲ ಮೇಷ್ಟ್ರೇ, ನನ್ನ ಕಾಫಿಗೆ ಕಲ್ಲು ಹಾಕಿದಿರಿ” ಎಂದು ಅಜ್ಜಿ ನನ್ನನ್ನೇ ಆಕ್ಷೇಪಿಸಿದರು. ಅವರ ಹಿಮೊಗ್ಲೋಬಿನ್ ಈಗ ೧೧.೨. ಆ ವರದಿಯನ್ನು ವಿದ್ಯಾರ್ಥಿ ಹಳೆಯ ಮೂರು ವರದಿಗಳೊಡನೆ ಸೇರಿಸಿ, ನಾವು ಲೆಕ್ಕ ಹಾಕಿದ ಕಾಗದದೊಳಗೆ ಮಡಿಸಿಟ್ಟಿದ್ದಾನೆ.